ಹೆಣದ ಮುಂದಿನ ಮೇಳ

ಅನಂತರಾಜುವಿನ ಹೆಣವನ್ನು ಕಾರ್ಖಾನೆಯ ವ್ಯಾನಿನಲ್ಲಿ ತಂದು, ಬೆಳಿಗ್ಗೆ ಏಳು ಗಂಟೆಗೆ ಅವನ ಮನೆಯ ಜಗುಲಿ ಮೇಲೆ ಮಲಗಿಸಿ, ಎದೆನೋವಿನಿಂದ ಸತ್ತ ಎಂದು ಹೇಳಿದರು. ಅವನ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಹೆಂಡತಿ ಪ್ರತಿಮಾಳಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ವ್ಯಾನು ಹೋಯಿತು.

ಕನಕಪುರ ರಸ್ತೆಯ ಮಗ್ಗುಲಿನ ಜಾಲಿದೊಡ್ಡಿಯ ಹಿತ್ತಿಲವರೆಗೆ ಕಾರ್ಖಾನೆಗಳ ಬೇಲಿ ಬಂದು ಆರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಎದೆನೋವಿನಿಂದ ಸತ್ತವರಲ್ಲಿ ಇವನು ನಾಲ್ಕನೆಯವನು. ನಾಲ್ವರಲ್ಲಿ ಒಬ್ಬನಿಗೂ ನಲವತ್ತು ಮುಟ್ಟಿರಲಿಲ್ಲ.

ಆ ಊರಿನಲ್ಲಿ ಸಾವಾದರೆ ನೆಂಟರಿಗಿಂತ ಮೊದಲು ಬರುವುದು ಭಜನೆ ಮೇಳ. ಹೆಣದ ಮುಂದೆ ಎರಡು ಸಾಲಾಗಿ ಕೂರುತ್ತಾರೆ. ಪದ ಎತ್ತುವವರು ಒಂದು ನುಡಿ ಹೇಳಿದರೆ ಮುಂದಿನ ಸಾಲು ಹಿಡಿಯುತ್ತದೆ. ಅವರ ಉಸಿರು ಸೋಲುವ ಹೊತ್ತಿಗೆ ಹಿಂದಿನ ಸಾಲು ಎತ್ತಿಕೊಳ್ಳುತ್ತದೆ. ನಡುವೆ ಸದ್ದು ಅಡಗಬಾರದು. ಕಡೆಯಲ್ಲಿ, ಪದ ಎತ್ತಿದವರೇ ಮಂಗಳ ಹೇಳಬೇಕು. ಬೇರೆಯವರು ಹೇಳಿದ್ದು ಸಲ್ಲುವುದಿಲ್ಲ. ಮಂಗಳವಾದ ಮೇಲೆಯೇ ಚಟ್ಟಕ್ಕೆ ಹೆಗಲು. ಇದನ್ನು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ಮಂಗಳವಾಗದ ಹೆಣಕ್ಕೆ ಹೆಗಲು ಕೊಟ್ಟ ಗಂಡಸು ಆ ಊರಲ್ಲಿ ಇದುವರೆಗೆ ಇಲ್ಲ.

ಪದ ಎತ್ತುವವಳು ದೊಡ್ಡಲಕ್ಷ್ಮಮ್ಮ. ಗಂಡ ಸತ್ತ ಮೇಲೆ ಅವನ ತಾಳ ಅವಳ ಕೈಗೆ ಬಂದಿತ್ತು. ಆಗ ಮೇಳದಲ್ಲಿ ಇಪ್ಪತ್ತೆರಡು ಜನ. ಶನಿವಾರ ಸಂಜೆ ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈ ತೊಳೆದು ಮಾರಮ್ಮನ ಗುಡಿ ಮುಂದೆ ಕೂತರೆ ಸಾತನೂರಿನ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಕೇಳುತ್ತಿದ್ದರು. ಹಿಪ್ಪುನೇರಳೆ ತೋಟಗಳು ಕಾರ್ಖಾನೆಗೆ ಹೋದವು. ತೋಟದವರು ಕಾಂಟ್ರಾಕ್ಟ್ ಕೂಲಿಗಳಾದರು. ಮುಂದಿನ ಸಾಲಿನವರಿಗೆ ಬೆಳಗಿನ ಶಿಫ್ಟು ಬಿದ್ದರೆ ಹಿಂದಿನ ಸಾಲಿನವರಿಗೆ ಮಧ್ಯಾಹ್ನದ ಶಿಫ್ಟು. ಎರಡು ಸಾಲೂ ಒಟ್ಟಿಗೆ ಕೂತು ಹಾಡಿ ಎಷ್ಟು ಕಾಲವಾಯಿತೆಂದು ಯಾರಿಗೂ ನೆನಪಿಲ್ಲ. ಒಂದು ಆಯುಧಪೂಜೆಗೆ ಕಂಪನಿಯವರೇ ಮೇಳವನ್ನು ಗೇಟಿಗೆ ಕರೆಸಿ, ತಲೆಗೆ ಟೋಪಿ ಹಾಕಿಸಿ, ಐದು ನಿಮಿಷ ಸಾಕು ಎಂದು ಗಡಿಯಾರ ತೋರಿಸಿದ್ದರು. ನೆಲ ಕಿತ್ತುಕೊಂಡವರು ಹೊತ್ತನ್ನೂ ಬಿಟ್ಟಿರಲಿಲ್ಲ.

ಈ ಹೆಣಕ್ಕೆ ಹಾಡಲು ಬಂದವರು ಒಂಬತ್ತು ಜನ, ಬಾರಿಸಲು ಒಬ್ಬ.

ಪದ ಎತ್ತುವ ಮೊದಲು ದೊಡ್ಡಲಕ್ಷ್ಮಮ್ಮನ ಮಗ ದೀಪು ಅವಳನ್ನು ಹಿತ್ತಿಲಿಗೆ ಕರೆದ. ಅವನೂ ಅನಂತರಾಜುವೂ ರಾತ್ರಿ ಶಿಫ್ಟಿನಲ್ಲಿ ತಗಡು ಒತ್ತುವ ಒಂದೇ ಪ್ರೆಸ್ಸಿನ ಮೇಲಿದ್ದವರು.

"ಎದೆನೋವೂ ಅಲ್ಲ, ಮಣ್ಣೂ ಅಲ್ಲ ಕಣವ್ವ. ಕೈ ಒಳಗಿದ್ರೆ ಮಿಸನ್ನು ನಿಂತ್ಕಬೇಕು. ಪೀಸು ಬಿರ್ರನೆ ಬೀಳ್ಲಿ ಅಂತ ಆ ಸೆನ್ಸರ್ರೇ ತೆಗೆಸ್ಬುಟ್ಟಿದ್ರು. ಮೂರು ಗಂಟೆ ಹೊತ್ತು ರಕ್ತ ಹೋಯ್ತು. ಗೇಟು ತೆಗೀಲಿಲ್ಲ."

"ನೀನು ಟೇಸನ್ನಲ್ಲಿ ಇದ್ನ ಹೇಳ್ತಿಯೇನ್ಲಾ?"

ದೀಪು ನೆಲ ನೋಡಿದ. "ಕೇಳುದ್ರೆ ಹೇಳ್ತೀನಿ."

ಯಾರೂ ಕೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಳೆಯ ಮೂರು ಹೆಣಗಳೂ ಹೀಗೆಯೇ ಮಧ್ಯಾಹ್ನದೊಳಗೆ ಮಣ್ಣಾಗಿದ್ದವು. ಡಾಕ್ಟರು ಕೊಯ್ದು ನೋಡದ ಹೆಣಕ್ಕೆ ಕೇಸಿಲ್ಲ. ಮೇಳದಲ್ಲಿ ಡೋಲಕ್ ಬಾರಿಸುವ ಗಫಾರ್ ಆಗಲೇ ಠಾಣೆಗೆ ಹೋಗಿ ಬಂದಿದ್ದ. ಸತ್ತವನ ಮನೆಯವರು ಬಂದು ಬರೆದುಕೊಡಲಿ ಎಂದಿದ್ದರಂತೆ. ಪ್ರತಿಮಾ ಹೆಣ ಬಿಟ್ಟು ಹೊಸಿಲು ದಾಟುವಂತಿಲ್ಲ. ಉಳಿದವನು ಸಾತನೂರಿನಲ್ಲಿರುವ ಅವಳ ಅಣ್ಣ.

"ನಿನ್ ಟೆಂಪೋ ತಗಂಡೋಗು ಗಫಾರಣ್ಣ," ಎಂದಳು ದೊಡ್ಡಲಕ್ಷ್ಮಮ್ಮ. "ಅವ್ನು ಪೋಲೀಸ್ನೋರ್ನ ಕರ್ಕಂಡು ಬರೋಗಂಟ ನಾನು ಪದ ಬುಡಾಕಿಲ್ಲ."

"ಡೋಲಕ್ಕು?"

"ಎದೆ ಬಡ್ಕಂಡು ಹಾಡ್ತೀವಿ, ಹೋಗು."

ಎಂಟು ಗಂಟೆಗೆ ಪದ ಶುರುವಾಯಿತು. ಒಂಬತ್ತು ಜನರನ್ನು ಐದು, ನಾಲ್ಕು ಮಾಡಿ ಎರಡು ಸಾಲು ಕೂರಿಸಿದ್ದಳು. ಹತ್ತಕ್ಕೆ ಹೊಂಬಯ್ಯ ಬಂದ. ಕಾಂಟ್ರಾಕ್ಟರನ ಸೂಪರ್‌ವೈಸರು, ಇದೇ ಊರಿನವನು, ಒಂದು ಕಾಲಕ್ಕೆ ಹಿಂದಿನ ಸಾಲಿನ ಗಟ್ಟಿ ದನಿ. ಹೂವಿನ ಹಾರ ಹಾಕಿ, ಕೈ ಮುಗಿದು, ಮೆಲ್ಲಗೆ ಅವಳ ಹಿಂದೆ ಕುಕ್ಕರಿಸಿದ.

"ದೊಡ್ಡವ್ವ, ಒಸಿ ಬೇಗ ಮುಗ್ಸು. ಗುಂಡಿ ತೋಡ್ಸಿವ್ನಿ."

ಅವಳು ನುಡಿಯನ್ನು ಮುಂದಿನ ಸಾಲಿಗೆ ಕೊಟ್ಟು ತಿರುಗಿದಳು. "ಸಾಯೋಕ್ ಮುಂಚೆ ತೋಡ್ಸಿದ್ಯೇನ್ಲಾ? ಭಾರಿ ಮುಂದಾಲೋಚ್ನೆ ನಿಂದು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಹೆಣ ನೋಡಿ ಬಾಯಿ ಮುಚ್ಚಿಕೊಂಡರು. ಹೊಂಬಯ್ಯ ನಗಲಿಲ್ಲ. ಎದ್ದು ಬೇವಿನ ಮರದ ಕೆಳಗೆ ನಿಂತು ಫೋನಿನಲ್ಲಿ ಮಾತಾಡತೊಡಗಿದ.

ಬಿಸಿಲು ಜಗುಲಿಗೆ ಹತ್ತಿತು. ಹೆಣದ ಸುತ್ತ ಊದುಬತ್ತಿ ಹೆಚ್ಚಿಸಿದರು. ಒಂದೂವರೆಗೆ ಸೈರನ್ ಆಯಿತು. ಹಿಂದಿನ ಸಾಲಿನಿಂದ ಇಬ್ಬರು ಎದ್ದರು. ಅರ್ಧ ಗಂಟೆ ತಡವಾದರೆ ಆ ದಿನದ ಹಾಜರಿ ಇಲ್ಲ, ಮೂರು ಸಲವಾದರೆ ಕೆಲಸವೇ ಇಲ್ಲ. ಮತ್ತೊಬ್ಬ ಎದ್ದ. ಸತ್ತವನ ಪ್ರೆಸ್ಸಿನ ಮುಂದೆ ಅಂದೇ ಮಧ್ಯಾಹ್ನ ಯಾರನ್ನೋ ನಿಲ್ಲಿಸಬೇಕಿತ್ತು. ಆ ಯಾರೋ ಇವರಲ್ಲೇ ಒಬ್ಬ. ಹೋಗುವಾಗ ಅವನು ಹಾಡುತ್ತಲೇ ಹೋದ, ಬೇಲಿ ತಿರುವಿನವರೆಗೆ ಅವನ ದನಿ ಕೇಳಿಸಿತು. ಆಮೇಲೆ ಎರಡು ಸಾಲಿನ ನಡುವೆ ಸದ್ದು ಹರಿದು ತೂತು ಬೀಳತೊಡಗಿತು. ಆ ತೂತುಗಳಲ್ಲಿ ಪ್ರೆಸ್ಸುಗಳ ಬಡಿತ ಕೇಳುತ್ತಿತ್ತು.

ಮೂರು ಗಂಟೆಗೆ ಜೀಪು ಬಂತು. ಠಾಣೆಯದಲ್ಲ, ಕಾಂಟ್ರಾಕ್ಟರನದು. ಅದರಿಂದ ಪ್ರತಿಮಾಳ ಅಣ್ಣ ಇಳಿದ. ಹಿಂದೆ ಟೆಂಪೋದಲ್ಲಿ ಗಫಾರ್ ಒಬ್ಬನೇ.

"ಏನಾಯ್ತು ಗಫಾರಣ್ಣ?"

"ಕಾಂಟ್ರಾಕ್ಟರ್ ಕಡೆಯೋರು ದಾರೀಲೆ ಅಡ್ಡ ಹಾಕಿ ಅವನ್ನ ಕೂರಿಸ್ಕಂಡ್ರು ಅಕ್ಕ. ಅವ್ರ್ ಜೊತೆ ಮಾತಾಡಿ, ಠಾಣೆಗೆ ಬರಾಕಿಲ್ಲ ಅಂದ್ಬುಟ್ಟ."

ಪ್ರತಿಮಾಳ ಅಣ್ಣ ಯಾರ ಮುಖವನ್ನೂ ನೋಡದೆ, "ಆಗಿದ್ದು ಆಗೋಯ್ತು. ಎತ್ತಿ ಇನ್ನು. ಹುಡುಗಿ ಮುಂದಿನ ಬಾಳು ನೋಡ್ಬೇಕು," ಎಂದ. ಅವನ ದನಿ ಒಡೆದಿತ್ತು. ಅವನೇನೂ ಕಟುಕನಲ್ಲ, ಕಂಪನಿಯವರಿಗೆ ಕಟುಕರ ಅಗತ್ಯವೇ ಬೀಳುವುದಿಲ್ಲ.

ಹೊಂಬಯ್ಯ ನಾಲ್ಕು ಜನರನ್ನು ಚಟ್ಟದ ಬಳಿ ನಿಲ್ಲಿಸಿದ. ನಾಲ್ವರೂ ದೊಡ್ಡಲಕ್ಷ್ಮಮ್ಮನ ಬಾಯಿ ನೋಡುತ್ತ ನಿಂತರು. ಏಳು ಗಂಟೆಗಳಿಂದ ಹಾಡಿ ಆ ಬಾಯಲ್ಲಿ ದನಿ ಉಳಿದಿರಲಿಲ್ಲ, ಉಸಿರಿನ ಗೀರು ಮಾತ್ರ ಇತ್ತು. ಮುಂದಿನ ಸಾಲಿನಲ್ಲಿ ದನಿ ಉಳಿದಿದ್ದ ಇಬ್ಬರು ಮುದುಕಿಯರು ಮಾತ್ರ ತಲೆ ತಗ್ಗಿಸಿ ನುಡಿ ಹಿಡಿಯುತ್ತಿದ್ದರು.

"ಮಂಗಳ ಹೇಳು ದೊಡ್ಡವ್ವ," ಎಂದ ಹೊಂಬಯ್ಯ. "ಎಲ್ಲಾ ಒಪ್ಕಂಡವ್ರೆ. ನಾಳೆ ದೀಪು ಗೇಟಿಗೆ ಬಂದ್ರೆ ಒಳಕ್ಕೆ ಬುಡಬೇಕೋ ಬ್ಯಾಡ್ವೋ, ನಿನ್ ಬಾಯಲ್ಲೈತೆ."

ದೀಪು ಗೋಡೆಗೊರಗಿ ನಿಂತಿದ್ದ. ಅವ್ವನನ್ನು ನೋಡಿದ.

ದೊಡ್ಡಲಕ್ಷ್ಮಮ್ಮನಿಗೆ ಎಲ್ಲವೂ ತಿಳಿಯುತ್ತಿತ್ತು. ಪೊಲೀಸರು ಬರುವುದಿಲ್ಲ. ಬಂದರೂ ಡಾಕ್ಟರು ಕಂಪನಿಯವರು ಹೇಳಿದ್ದನ್ನೇ ಬರೆಯುತ್ತಾನೆ. ಸಂಜೆಯ ಹೊತ್ತಿಗೆ ಹೆಣ ಊದುತ್ತದೆ, ಊರೇ ಅವಳನ್ನು ಬೈಯುತ್ತದೆ, ನಾಳೆ ಬೇರೆ ಊರಿನ ಕೂಲಿಗಳನ್ನು ತಂದಾದರೂ ಎತ್ತಿಸುತ್ತಾರೆ. ಮಗನ ಕೆಲಸ ಹೋಗುತ್ತದೆ. ಮೇಳವಂತೂ ಇವತ್ತಿಗೇ ಮುಗಿಯಿತು.

ಅವಳು ಪ್ರತಿಮಾಳ ಕಡೆ ಬಾಗಿದಳು. "ಎತ್ಲಿ ಅಂತೀಯ ಮಗ?"

ಪ್ರತಿಮಾ ಬೆಳಗಿನಿಂದ ಬಾಯಿ ಬಿಟ್ಟಿರಲಿಲ್ಲ. "ಅದು ಏನ್ ಕಾಗ್ದ ಅಂತ ನನಗ್ ಓದಿ ಹೇಳ್ನಿಲ್ಲ ದೊಡ್ಡವ್ವ," ಎಂದಳು. "ಎತ್ತಬ್ಯಾಡ ಅನ್ನು."

ಹೊಂಬಯ್ಯ ಗಡಿಯಾರ ನೋಡಿಕೊಂಡ. "ಹೊತ್ತಾಯ್ತು. ಹೇಳು ಮಂಗಳ."

"ಹೇಳಾಕಿಲ್ಲ," ಎಂದಳು ದೊಡ್ಡಲಕ್ಷ್ಮಮ್ಮ.