ಹಾರದೆ ಉಳಿದ ಕೊಳವೆ

"ಎತ್ತಿ, ಎತ್ತಿ! ಮೊದಲು ಕಾಲಿನ ಕಡೆ ತಿರುಗಿಸಿ, ಆಮೇಲೆ ತಲೆ!"

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಕೂಗುತ್ತಿದ್ದವರು ಮಂಚದಂಗಡಿ ಯಜಮಾನರು, ಸತ್ತವನ ಸ್ವಂತ ಅಣ್ಣ. ಜೀವಮಾನವೆಲ್ಲ ಮಂಚ, ಬೀರುಗಳನ್ನು ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಹತ್ತಿಸಿ ಇಳಿಸಿದವರು. ಆ ವಿದ್ಯೆ ಇವತ್ತು ತಮ್ಮನ ಪೆಟ್ಟಿಗೆಗೆ ಉಪಯೋಗಕ್ಕೆ ಬಂತು. ಹೊತ್ತವರು ಅವರು ಹೇಳಿದಂತೆಯೇ ತಿರುಗಿಸಿದರು, ಪೆಟ್ಟಿಗೆ ಗೋಡೆಗೆ ತಾಗದೆ ಇಳಿಯಿತು. ಯಾರೂ ಶಹಬ್ಬಾಸ್ ಅನ್ನಲಿಲ್ಲ. ಸಾವಿನ ಮನೆಯಲ್ಲಿ ಹಾಗೆ ಅನ್ನುವುದೂ ಇಲ್ಲ. ಆದರೂ ಯಜಮಾನರಿಗೆ ಒಂಚೂರು ಬೇಜಾರಾಯಿತು.

ಮುಂದಿನ ಮೂಲೆಗೆ ಹೆಗಲು ಕೊಟ್ಟವನು ಅವರ ಮಗ. ಅವನಿಗೆ ಒಂದೇ ಕಣ್ಣು. ಇನ್ನೊಂದರ ಜಾಗದಲ್ಲಿ ಗಾಜಿನದು, ಸುತ್ತ ಸುಟ್ಟು ಮುದುರಿದ ಚರ್ಮ. ಮೂವತ್ತು ದಾಟಿದ ಗಂಡಸು, ಬೀದಿಯೆಲ್ಲ ನೋಡುತ್ತಿದೆ ಎಂಬ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

'ನಾನು ಸತ್ತಾಗ ಇವನು ಹೀಗೆ ಅಳ್ತಾನಾ?' ಎಂದು ಯಜಮಾನರು ಕೇಳಿಕೊಂಡರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದು ನಿಂತಿತ್ತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದೆಂದು ಅವರಿಗೂ ಗೊತ್ತು. ಆದರೆ ಅವನು ಬದುಕಿದ್ದಾಗ ಪಟ್ಟು ಪಟ್ಟು ರೂಢಿಯಾಗಿತ್ತು. ಇವತ್ತೊಂದು ದಿನ ಬಿಡು ಎಂದರೆ ಹೇಗೆ ಬಿಟ್ಟಾರು?

ಬೀದಿ ತುಂಬ ಜನ. ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದು, ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಬೀಗ ರಿಪೇರಿ ಮಾಡಿಕೊಂಡಿದ್ದವನಿಗೆ ಇಷ್ಟು ಜನ ಎಲ್ಲಿಂದ ಬಂದರೋ! ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಬೀಗದವನು ಎಂದೇ. ಅಂಗಡಿಯ ಬೋರ್ಡಿನ ಮೇಲೆ 'ಚಿಕ್ಕಪ್ಪ ಮತ್ತು ಮಗ' ಎಂದಿತ್ತು. ಹೊಸಬರು ಆ ಮಗ ಅವನದೇ ಅಂದುಕೊಳ್ಳುತ್ತಿದ್ದರು. ಅಲ್ಲ ಎಂದು ತಿದ್ದುವ ಗೋಜಿಗೆ ಅವರಿಬ್ಬರೂ ಹೋಗುತ್ತಿರಲಿಲ್ಲ. ಮಂಚದಂಗಡಿಯ ಬೋರ್ಡಿನಲ್ಲಿ ಯಜಮಾನರ ಹೆಸರೊಂದೇ.

"ಪುಣ್ಯಾತ್ಮ," ಎಂದು ಎದುರಿನ ಬೇಕರಿಯಾಕೆ ಕಣ್ಣೊರೆಸಿಕೊಂಡಳು. "ನನ್ನ ಮಗು ಒಂದ್ಸಲ ಬಚ್ಚಲಲ್ಲಿ ಚಿಲಕ ಹಾಕ್ಕೊಂಡ್ಬಿಟ್ಟಿತ್ತು. ಇವನು ಹೊರಗೆ ಕೂತ್ಕೊಂಡು ಕತೆ ಹೇಳ್ತಾ ಹೇಳ್ತಾ ತೆಗೆದ. ಬಾಗಿಲು ತೆಗೆದ್ರೆ ಮಗು ಏನನ್ಬೇಕು? ಕತೆ ಇನ್ನೂ ಮುಗಿದಿಲ್ಲ, ಮತ್ತೆ ಹಾಕು ಅಂತ ರಚ್ಚೆ ಹಿಡೀತು!"

ಸುತ್ತಲಿದ್ದವರು ನಕ್ಕರು, ನಗುತ್ತಲೇ ಮೂಗೊರೆಸಿಕೊಂಡರು.

"ಬೀಗ ತೆಗೆಯೋದು ಕಳ್ಳನಿಗೂ ಬರತ್ತೆ," ಎಂದು ಯಜಮಾನರು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

"ಇವತ್ತೊಂದಿನ ಬಾಯಿ ಮುಚ್ಕೊಂಡು ನಡೀರಿ," ಎಂದಳು ಹೆಂಡತಿ.

*

ಮಗ ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಮಂಚದಂಗಡಿ ತೆರೆದ ಸಂಜೆ, ಯಜಮಾನರು ಕೊಳವೆಯಿಂದ ಆಕಾಶಕ್ಕೆ ಹಾರಿ ಸಿಡಿಯುವ ಪಟಾಕಿಯನ್ನು ಪೆಟ್ಟಿಗೆಗಟ್ಟಲೆ ತರಿಸಿದ್ದರು. ಅದೇ ಸಾಲಿನಲ್ಲಿ ಇನ್ನೊಬ್ಬ ಅಂಗಡಿ ತೆರೆದಾಗ ಹೊಡೆಸಿದ್ದಕ್ಕಿಂತ ಒಂದು ಕೈ ಮೇಲಿರಬೇಕು, ಅವರಿಗೆ ಬೇಕಿದ್ದದ್ದು ಅಷ್ಟೇ. ಹಚ್ಚುವ ಕೆಲಸ ತಮ್ಮನಿಗೆ ಬಿತ್ತು.

"ಅಣ್ಣ, ಇಷ್ಟು ಚಿಕ್ಕ ಬೀದೀಲಿ ಬೇಡ. ಜನ ಎಷ್ಟು ಹತ್ರ ನಿಂತಿದಾರೆ ನೋಡು," ಎಂದಿದ್ದ ಬೀಗದವನು.

"ನನ್ನ ಅಂಗಡಿ ಶುರುವಾಗೋ ದಿನವೇ ನಿನ್ನ ರಾಗ ಶುರುವಾಯ್ತಾ? ಸುಮ್ನೆ ಹಚ್ಚು."

ಆಮೇಲೆ ಯಜಮಾನರು ಒಳಗೆ ಹೋಗಿ ಬಂದವರಿಗೆ ನಿಲುವುಗನ್ನಡಿಯ ಬೀರು ತೋರಿಸತೊಡಗಿದರು. ಹೊರಗೆ ಆಕಾಶದಲ್ಲಿ ಢಮಾರೆನ್ನುತ್ತಿದ್ದ ಸದ್ದು ಸ್ವಲ್ಪ ಹೊತ್ತು ನಿಂತಿತು. ಮತ್ತೆ ಒಂದೇ ಒಂದು ಸದ್ದು, ಈ ಸಲ ನೆಲದ ಹತ್ತಿರವೇ. ಹಿಂದೆಯೇ ಕಿರುಚಾಟ.

ಅವರು ಓಡಿ ಬಂದಾಗ ಬೀಗದವನು ಹುಡುಗನನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಇಬ್ಬರೂ ನೀರಿನಲ್ಲಿ ತೊಯ್ದಿದ್ದರು. ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ, ಬೆರಳುಗಳ ನಡುವೆ ರಕ್ತ.

"ಯಾರು ಕೊಟ್ಟಿದ್ದು ಇವನ ಕೈಗೆ? ಯಾರು?" ಎಂದು ಯಜಮಾನರು ಕೈಯೆತ್ತಿಕೊಂಡು ಬಂದರು.

"ನಾನೇ ಅಣ್ಣ. ಹಚ್ಚು ಅಂತ ನಾನೇ ಕೊಟ್ಟೆ."

ಎತ್ತಿದ ಕೈ ತಮ್ಮನ ಕೆನ್ನೆಗೆ ಬಿತ್ತು. ಹುಡುಗನನ್ನು ಹೊತ್ತುಕೊಂಡಿದ್ದರಿಂದ ಅವನಿಗೆ ಮುಖ ತಪ್ಪಿಸಿಕೊಳ್ಳಲೂ ಆಗಲಿಲ್ಲ.

ಕಣ್ಣು ಉಳಿಯಲಿಲ್ಲ. ಬೀಗದಂಗಡಿಯ ಹೊಸ್ತಿಲು ತುಳಿಯಕೂಡದೆಂದು ಯಜಮಾನರು ಮಗನಿಗೆ ತಾಕೀತು ಮಾಡಿದರು. ಹುಡುಗ ತುಳಿದೇ ತುಳಿದ. ಒಂದೇ ಕಣ್ಣಿಗೆ ಹತ್ತಿರ ದೂರ ತಿಳಿಯುವುದಿಲ್ಲ. ಲೋಟಕ್ಕೆಂದು ಸುರಿದ ನೀರು ಮೇಜಿನ ಮೇಲೆ ಬೀಳುತ್ತಿತ್ತು. ಯಜಮಾನರು ಓಡಿ ಬಂದು ತಾವೇ ಸುರಿದುಕೊಡುತ್ತಿದ್ದರು. ಬೀಗದವನು ಚೆಲ್ಲಲಿ ಎಂದು ಬಿಟ್ಟ. ಚೆಂಬಿನ ಬಾಯನ್ನು ಲೋಟದ ಅಂಚಿಗೆ ತಾಗಿಸಿ, ಆಮೇಲೆ ಬಗ್ಗಿಸಬೇಕೆಂದು ಕಲಿಸಿದ. ಹುಡುಗ ಮನೆಯಲ್ಲಿ ಹಾಗೆ ಸುರಿದು, ಒಂದು ಹನಿಯೂ ಚೆಲ್ಲದ ಲೋಟವನ್ನು ಅಪ್ಪನ ಮುಂದೆ ಹಿಡಿದ ದಿನ ತಾಯಿ ಹಿಗ್ಗಿ ಹೀರೇಕಾಯಾದಳು. ಯಜಮಾನರು ಆ ನೀರು ಕುಡಿಯಲಿಲ್ಲ.

ಬೀಗ ತೆಗೆಯುವುದಕ್ಕೆ ಕಣ್ಣಿಗಿಂತ ಬೆರಳು ಮುಖ್ಯವೆಂದು ಹೇಳಿ ಬೀಗದವನು ಅವನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಮಗ ಅಪ್ಪನಿಗೆ ನೀವು ಎನ್ನುತ್ತಿದ್ದ, ಚಿಕ್ಕಪ್ಪನಿಗೆ ನೀನು ಎನ್ನುತ್ತಿದ್ದ. ಮನೆಯಲ್ಲಿ ಮೂರು ಮಾತಿಗೆ ಮುಗಿಸುವವನು ಆ ಗೂಡಿನಲ್ಲಿ ಗಂಟೆಗಟ್ಟಲೆ ಹರಟುವುದನ್ನು ಯಜಮಾನರು ರಸ್ತೆಯ ಆಚೆ ನಿಂತು ಎಷ್ಟೋ ಸಲ ನೋಡಿದ್ದರು. ಒಂದು ದಿನವಾದರೂ ತಮ್ಮ ಹತ್ತಿರ ಹಾಗೆ ಹರಟಬಾರದೇ ಎಂದು ಅವರ ಹೊಟ್ಟೆ ಉರಿಯುತ್ತಿತ್ತು.

*

ಮಣ್ಣು ಮಾಡಿ ಆಯಿತು. ಜನ ನಾಲ್ಕು ಮಾತಾಡಿ ಒಬ್ಬೊಬ್ಬರೇ ಹೊರಡುತ್ತಿದ್ದರು. ಬೇಕರಿಯಾಕೆ ಯಜಮಾನರ ಹತ್ತಿರ ಬಂದಳು. ಅವಳ ಉದ್ದೇಶ ಒಳ್ಳೆಯದೇ ಇತ್ತು.

"ನಿಮ್ಮ ಮಗನ್ನ ಎಷ್ಟು ಚೆನ್ನಾಗಿ ತಯಾರು ಮಾಡ್ದ ನಿಮ್ಮ ತಮ್ಮ! ಅಂಥವನು ಸಿಗೋಕೆ ಪುಣ್ಯ ಮಾಡಿರ್ಬೇಕು ನೀವು."

ಬೆಳಗಿನಿಂದ ಹಲ್ಲು ಕಚ್ಚಿಕೊಂಡಿದ್ದವರಿಗೆ ಇನ್ನು ತಡೆಯಲಾಗಲಿಲ್ಲ.

"ಒಂದು ಕಣ್ಣು ಕಿತ್ಕೊಂಡ. ಅದು ಸಾಲದು ಅಂತ ಮಗನ್ನೂ ಕಿತ್ಕೊಂಡ. ಅದಕ್ಕೆ ನಾನು ಪುಣ್ಯ ಬೇರೆ ಮಾಡಿರ್ಬೇಕಿತ್ತಾ?"

ಹೊರಟಿದ್ದವರು ನಿಂತರು. ಹೆಂಡತಿ ತಲೆ ತಗ್ಗಿಸಿದಳು. ಮಗ ಕೈಯ ಮಣ್ಣು ಕೊಡವಿಕೊಂಡು ಬಂದು, ಅಪ್ಪನ ಮೊಣಕೈ ಹಿಡಿದು ಗೋಡೆಯ ಪಕ್ಕದ ನಲ್ಲಿಯ ಹತ್ತಿರ ಕರೆದೊಯ್ದ.

"ಅಪ್ಪ, ಚಿಕ್ಕಪ್ಪ ನನ್ನ ಕೈಗೆ ಏನೂ ಕೊಟ್ಟಿರ್ಲಿಲ್ಲ."

"ಅವನೇ ಒಪ್ಕೊಂಡಿದ್ದಾನೆ. ಊರೆಲ್ಲ ಕೇಳಿಸ್ಕೊಂಡಿದೆ."

"ಪಟಾಕಿ ಕೊಳವೆ ಒಂದು ಹಾರಲೇ ಇಲ್ಲ. ಬತ್ತಿ ಉರಿದು ಹೋಯ್ತು, ಸದ್ದಿಲ್ಲ. ಯಾರೂ ಹತ್ರ ಹೋಗ್ಬೇಡಿ, ಮತ್ತೆ ಹಚ್ಚೋದೂ ಬೇಡ, ನೀರು ಹಾಕಿ ನೆನೆಸ್ಬಿಡೋಣ ಅಂತ ಹೇಳಿ ಬಕೆಟ್ ತರೋಕೆ ಹೋದ. ಅವನು ವಾಪಸ್ ಬರೋಷ್ಟರಲ್ಲಿ ನಾನು ಬಗ್ಗಿ ಅದರೊಳಗೆ ಕಣ್ಣಿಟ್ಟೆ."

"ಕಣ್ಣಿಟ್ಟೆಯಾ? ಪಟಾಕಿ ಒಳಗೆ ಯಾರಾದ್ರೂ ಕಣ್ಣಿಡ್ತಾರೇನೋ?"

"ಬೀಗ ತಿರುಗದೇ ಇದ್ರೆ ಬಲವಂತ ಮಾಡ್ಬೇಡ, ಮೊದ್ಲು ತೂತಿಗೆ ಕಣ್ಣಿಟ್ಟು ಒಳಗೇನು ಸಿಕ್ಕಿಕೊಂಡಿದೆ ನೋಡು ಅಂತ ಅವನು ಕಲಿಸಿದ್ದ. ರಜಾದಲ್ಲೆಲ್ಲ ನನಗೆ ಅದೇ ಆಟ. ಕೊಳವೆಗೂ ಹಾಗೇ ಮಾಡ್ದೆ."

ಯಜಮಾನರು ನಲ್ಲಿಯನ್ನು ಹಿಡಿದುಕೊಂಡರು.

"ಮತ್ತೆ ನಾನೇ ಕೊಟ್ಟೆ ಅಂತ ಯಾಕಂದ?"

"ಪಟಾಕಿ ಹತ್ರ ಸುಳಿದ್ರೆ ಚರ್ಮ ಸುಲೀತೀನಿ ಅಂತ ನೀವು ಬೆಳಗ್ಗೆ ನನಗೆ ಹೇಳಿದ್ರಿ. ನೀವು ಕೈ ಎತ್ಕೊಂಡು ಬಂದಿದ್ದು ನೋಡಿ ಅವನು ಹಾಗಂದ. ದೊಡ್ಡವನಾದ ಮೇಲೆ, ನಿಜ ಹೇಳ್ಬಿಡ್ತೀನಿ ಅಂತ ನಾನು ಅಂದಾಗೆಲ್ಲ ಅವನೇ ಬೇಡ ಅಂದ. ಕಣ್ಣಿಡೋದು ಕಲಿಸಿದ್ದು ನಾನೇ ತಾನೇ, ನಾನೇನು ಸುಳ್ಳು ಹೇಳಿಲ್ಲ ಅಂತಿದ್ದ. ನಿಮ್ಮಪ್ಪನಿಗೆ ಸಿಟ್ಟು ಇಟ್ಕೊಳೋಕೆ ಒಂದು ಜಾಗ ಬೇಕು, ನನ್ನ ಹತ್ರಾನೇ ಇರ್ಲಿ ಬಿಡು, ನಿನ್ನ ಮೇಲೆ ಬರೋದು ಬೇಡ ಅಂತಿದ್ದ."

ಬೇರೆ ಯಾರಾದರೂ ಆಗಿದ್ದರೆ ಮೊದಲು ಪಶ್ಚಾತ್ತಾಪವಾಗುತ್ತಿತ್ತೋ ಏನೋ. ಯಜಮಾನರಿಗೆ ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಯುರಿ. ಅವರಿಬ್ಬರ ನಡುವೆ ಇಷ್ಟು ವರ್ಷ ಒಂದು ಗುಟ್ಟಿತ್ತು! ತಾವು ತಮ್ಮನನ್ನು ಬಯ್ದಾಗಲೆಲ್ಲ ಇಬ್ಬರೂ ಮುಖ ಮುಖ ನೋಡಿಕೊಂಡು ಸುಮ್ಮನಾಗಿರಬೇಕು. ಹೆತ್ತ ತಾವು ಹೊರಗೆ, ಅವನು ಒಳಗೆ. ತಪ್ಪು ಯಾರದು ಎಂಬುದು ಅವರಿಗೆ ಬೇಕಿರಲಿಲ್ಲ. ಮಗ ಬೇಕಿತ್ತು.

ಅದಾದ ಮೇಲೆ, ತುಂಬ ನಿಧಾನವಾಗಿ, ಅಂಗೈ ಬಿಸಿಯಾಯಿತು. ತಮ್ಮನ ಕೆನ್ನೆಗೆ ಬಿದ್ದ ಕೈ ಅದು. ಈಗ ಅದನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯಲಿಲ್ಲ. ನಲ್ಲಿ ತಿರುಗಿಸಿ ನೀರಿಗೆ ಹಿಡಿದರು.

"ಅಯ್ಯೋ, ನನ್ನ ಗ್ರಹಚಾರವೇ!" ಎಂದು ಗೇಟಿನ ಹತ್ತಿರ ಬೇಕರಿಯಾಕೆ ಕೂಗಿಕೊಂಡಳು. ತನ್ನ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದಳು. "ಬೀಗದವನ ಮಣ್ಣಿಗೆ ಬರೋ ಅವಸರದಲ್ಲಿ ಬೀಗದಕೈ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡು ಬಂದಿದೀನಿ! ಈಗ ಯಾರನ್ನ ಕರೀಲಿ ನಾನು?"

ಯಾರೋ ಕಿಸಕ್ಕೆಂದರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅವಳೂ ನಕ್ಕಳು, ನಗುತ್ತಲೇ ಅತ್ತಳು.

"ನಾನಿದೀನಲ್ಲ, ನಡೀರಿ," ಎಂದ ಮಗ.

"ಒಬ್ಬನೇ ಹೋಗ್ತೀಯಾ?" ಎಂದರು ಯಜಮಾನರು.

"ಅವರ ಮನೆ ಬಾಗಿಲ ಹತ್ರ ಕತ್ತಲೆ. ಲೈಟ್ ಹಿಡಿಯೋಕೆ ಒಬ್ರು ಬೇಕು."

"ನಾನು ಬರ್ತೀನಿ."

ಮಗ ಅನುಮಾನದಿಂದ ನೋಡಿದ. "ನೆಲದ ಮೇಲೆ ಕೂರ್ಬೇಕಾಗತ್ತೆ. ನಿಮಗೆ ಮಂಡಿ ನೋವು."

"ನನ್ನ ಮಂಡಿ ನಾನು ನೋಡ್ಕೋತೀನಿ. ನೀನು ನಡಿ."

*

ಬೇಕರಿಯ ಮೇಲಿನ ಮಹಡಿಯ ಇಕ್ಕಟ್ಟು ಹಾದಿಯಲ್ಲಿ ಹಗಲಲ್ಲೂ ಬೆಳಕಿರಲಿಲ್ಲ. ಬೇಕರಿಯಾಕೆ ಮೆಟ್ಟಿಲ ಮೇಲೆಯೇ ಕೂತಳು. ಮಗ ಅಂಗಡಿಯಿಂದ ತಂದ ಉಪಕರಣದ ಚೀಲ ಬಿಚ್ಚಿ, ಬಾಗಿಲ ಮುಂದೆ ಮಂಡಿಯೂರಿದ. ಯಜಮಾನರು ಗೋಡೆ ಹಿಡಿದುಕೊಂಡು, ನರಳುತ್ತ, ಅವನ ಪಕ್ಕದಲ್ಲಿ ಕುಳಿತು ಟಾರ್ಚು ಹಾಕಿದರು.

ಮಗ ಮೊದಲು ಬೆರಳಿನಿಂದ ಬೀಗದ ತೂತನ್ನು ಸವರಿದ. ಸಣ್ಣ ಕಂಬಿಯೊಂದನ್ನು ತೂರಿಸಿ ಮೆಲ್ಲಗೆ ಆಡಿಸಿದ. "ಬಾರಮ್ಮ, ಬಾ, ಯಾರೂ ಏನೂ ಮಾಡಲ್ಲ," ಎಂದು ಬೀಗದ ಜೊತೆ ಮಾತಾಡಿದ. ಅದು ಬೀಗದವನದೇ ದನಿ, ಅವನದೇ ರಾಗ. ಯಜಮಾನರು ಟಾರ್ಚನ್ನು ಮಗನ ಮುಖದತ್ತ ತಿರುಗಿಸಿದರು. ತಮ್ಮದು ಅಂತ ಈ ಹುಡುಗನಲ್ಲಿ ಏನಿದೆ ಎಂದು ಹುಡುಕಿದರು. ಹುಬ್ಬು ತಮ್ಮದು. ಕಿವಿಯೂ ತಮ್ಮದೇ. ಸುಟ್ಟ ಕಡೆಯ ಹುಬ್ಬಿನ ಅರ್ಧ ಭಾಗ ಬೆಳೆದೇ ಇರಲಿಲ್ಲ, ಅಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕೆನ್ನೆಯ ಮೇಲೆ ಪಟಾಕಿ ಮದ್ದಿನ ಎಳ್ಳಿನಷ್ಟು ಸಣ್ಣ ಕರಿಯ ಚುಕ್ಕೆಗಳು ಒಳಗೇ ಹುದುಗಿಕೊಂಡಿದ್ದವು. ಅಷ್ಟೊಂದು ಚುಕ್ಕೆಗಳಿರುವುದು ಅವರಿಗೆ ಗೊತ್ತೇ ಇರಲಿಲ್ಲ.

"ಅಪ್ಪ, ಲೈಟು ಬೀಗಕ್ಕೆ ಹಿಡೀರಿ. ನನ್ನ ಮುಖಕ್ಕಲ್ಲ."

"ಹೂಂ," ಎಂದರು ಯಜಮಾನರು. ಬೆಳಕು ಆ ಮುಖದಿಂದ ಕದಲಲಿಲ್ಲ. ಮಗ ಕತ್ತಲಲ್ಲೇ ಕಂಬಿ ತಿರುಗಿಸುತ್ತಿದ್ದ.