ಬಿಳಿ ಬಣ್ಣದ ಸಾಗುವಾನಿ

ನರಸಿಂಹರಾಜಪುರದ ಹತ್ತಿರದ ಸಾಗುವಾನಿ ತೋಪಿಗೆ ಹುಳ ಬಿದ್ದು, ಎಲೆಗಳಲ್ಲಿ ಬರೀ ನರ ಉಳಿದಿತ್ತು.

“ಹುಳ ಬಿದ್ರೆ ನಾವೆಂತ ಮಾಡಕ್ಕಾಗ್ತದೆ ಮಾರಾಯ?” ಎಂದ ಕಂಟ್ರಾಕ್ಟರ್ ಯೋಗೇಂದ್ರ.

ಮರ ಕಡಿಯುವ ದೇಜಪ್ಪ ಆ ಮಾತು ನಂಬಲಿಲ್ಲ. ಬೇಲಿಯಾಚೆಯ ತೋಪನ್ನೂ ಅದೇ ಹುಳ ತಿಂದಿತ್ತು. ಅಲ್ಲಿ ಆಗಲೇ ಹೊಸ ಚಿಗುರು ಮೂಡಿತ್ತು, ಇಲ್ಲಿ ಮಾತ್ರ ಒಂದು ಕುಡಿಯೂ ಇಲ್ಲ.

ತೋಪು ತೆಳು ಮಾಡುವುದೆಂದರೆ ಸೊರಗಿದ ಮರ ಕಡಿದು ಗಟ್ಟಿ ಮರ ಉಳಿಸುವುದು. ಹೋದ ವರ್ಷ ಕಡಿಯಬೇಕಾದ ಮರಗಳಿಗೆ ಬಿಳಿ ಬಣ್ಣ ಹಚ್ಚಿದವನು ಯೋಗೇಂದ್ರ.

“ಯೋಗೇಂದ್ರಣ್ಣ, ನೀವು ಬಣ್ಣ ಹಚ್ಚಿದ್ದು ಬರೀ ಒಳ್ಳೆ ರೇಟು ಸಿಗೋ ದಪ್ಪ ಮರಕ್ಕಲ್ವಾ? ಉಳಿದ ಸೊರಗಿದ ಮರಕ್ಕೆ ಮತ್ತೆ ಚಿಗುರೋ ಶಕ್ತಿ ಎಲ್ಲಿರ್ತದೆ?” ಎಂದ ದೇಜಪ್ಪ.

“ಕಡಿವಾಗ ನಿಂಗೆ ಕಣ್ಣಿರ್ಲಿಲ್ವಾ?” ಎಂದು ಯೋಗೇಂದ್ರ ನಕ್ಕ.

ಕಣ್ಣಿತ್ತು. ಅನುಮಾನವೂ ಅವತ್ತೇ ಬಂದಿತ್ತು. ಆದರೂ ಬಣ್ಣ ಕಂಡಲ್ಲೆಲ್ಲ ಕೊಡಲಿ ಬೀಸಿದ್ದು ದೇಜಪ್ಪನೇ.