ಪೋಲು ನೀರು

"ಸೊಪ್ಪೆಲ್ಲಿ ಚಿಕ್ಕನಿಂಗವ್ವ? ಸೋಮವಾರ ಮರ್ತೋಯ್ತಾ?" ಅರಿಸಿನದ ಸಾಲಿನಲ್ಲಿ ಡ್ರಿಪ್ ಪೈಪು ಸರಿಮಾಡುತ್ತಿದ್ದ ಗುರುಮಲ್ಲಮ್ಮ ತಲೆ ಎತ್ತದೆ ಓರೆಗಣ್ಣಲ್ಲೇ ನೋಡಿ ಕೇಳಿದಳು.

ಕೆಳಗಿನ ಇಪ್ಪತ್ತು ಗುಂಟೆ ಹೊಲದ ಚಿಕ್ಕನಿಂಗಮ್ಮ ಪ್ರತಿ ಸೋಮವಾರ ತನ್ನ ಬಾವಿಯ ಬದಿಯಲ್ಲಿ ಬೆಳೆದ ಹೊನಗೊನೆ ಸೊಪ್ಪಿನ ಕಟ್ಟು ತಂದುಕೊಡುವುದು ಗುರುಮಲ್ಲಮ್ಮನ ಅತ್ತೆಯ ಕಾಲದಿಂದ ನಡೆದುಬಂದ ರೂಢಿ. ಯಾಕೆಂದು ಯಾರೂ ಕೇಳಿರಲಿಲ್ಲ. ಇವತ್ತು ಅವಳು ಬರಿಗೈಯಲ್ಲಿ ನಿಂತಿದ್ದಳು.

ಇಡೀ ಹಂಗಳ ಊರಿನಲ್ಲಿ ತನ್ನಂಥ ಬೇಸಾಯಗಾರ್ತಿ ಇಲ್ಲವೆಂಬ ಜಂಬ ಗುರುಮಲ್ಲಮ್ಮನಿಗೆ, ಸುಳ್ಳು ಜಂಬವೇನಲ್ಲ. ಕಾಲುವೆ ಕಟ್ಟಿ ಹಾಯಿಸುವಾಗ ಎರಡೆಕರೆಗೇ ಏದುಸಿರು ಬಿಡುತ್ತಿದ್ದ ಬೋರು, ಡ್ರಿಪ್ ಹಾಕಿದ ಮೇಲೆ ನಾಲ್ಕೆಕರೆ ನೆನೆಸುತ್ತಿತ್ತು. ಬೇಡವೇ ಬೇಡವೆಂದು ಗೊಣಗಿದ್ದ ಗಂಡ ಮೃತ್ಯುಂಜಯ ಈಗ ಸಿಕ್ಕವರಿಗೆಲ್ಲ ತಾನೇ ಹಾಕಿಸಿದೆನೆಂದು ಹೇಳಿಕೊಂಡು ತಿರುಗುತ್ತಿದ್ದ.

"ನೋಡು, ಒಂದನಿ ಪೋಲಾಗಕಿಲ್ಲ," ಎಂದಳು ಗುರುಮಲ್ಲಮ್ಮ ಪೈಪು ತೋರಿಸಿ.

"ಆ ಪೋಲ್ನೀರೇ ಕಣವ್ವ ನನ್ ಬಾವಿ." ಚಿಕ್ಕನಿಂಗಮ್ಮನ ದನಿಯಲ್ಲಿ ಜಗಳವಿರಲಿಲ್ಲ. "ನಿಮ್ಮೊಲ ಕುಡ್ದು ಮಿಕ್ಕುದ್ದು ಬಸ್ಕಂಡು ನಮ್ಗ್ ಬರ್ತಿತ್ತು. ಈಗ ಸಣ್ಣೀರುಳ್ಳಿ ಒಣಗ್ತಾ ಅದೆ. ಇನ್ನೆಂಟ್ ದಿನ ನೋಡ್ತೀನಿ, ಆಮೇಲ್ ಕುರಿ ಬುಟ್ಟು ಮೇಯಿಸ್ಬುಡ್ತೀನಿ."

'ನನ್ನ ಬೋರು, ನನ್ನ ಪೈಪು' ಎಂಬ ಮಾತು ಗುರುಮಲ್ಲಮ್ಮನ ನಾಲಗೆ ತುದಿಗೆ ಬಂದಿತ್ತು. ಅದನ್ನು ನುಂಗಿ, ಕೆಳಗಿಳಿದು ಹೋಗಿ ಬಾವಿಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಒಂದಿಷ್ಟು ಕೆಸರು, ಅದರಲ್ಲೊಂದು ಕಪ್ಪೆ. ಬದಿಯಲ್ಲಿ ಸೊಪ್ಪಿನ ಒಣಕಡ್ಡಿ. ಮೂವತ್ತು ವರ್ಷ ತಾನು ತಿಂದದ್ದು ತನ್ನದೇ ಹೊಲದ ನೀರಿನ ಸೊಪ್ಪು ಎಂದು ಹೊಳೆದಾಗ ಅವಳಿಗೆ ನಾಚಿಕೆಯಾಯಿತು. ಹಾಗೆಂದು ಗತ್ತು ಬಿಡುವ ಹೆಂಗಸಲ್ಲ.

"ಕುರಿಗಿರಿ ಬುಟ್ಟೀಯೆ, ಜೋಕೆ!" ಎಂದು ಗದರಿ ಮೇಲೆ ಬಂದವಳೇ ಚೆಂಡುಹೂ ಹಾಕಿದ್ದ ಹೊಸ ಎರಡೆಕರೆಯ ವಾಲ್ವ್ ಬಿಗಿಯಾಗಿ ಮುಚ್ಚಿದಳು. ಮಧ್ಯಾಹ್ನದವರೆಗೆ ಓಡುತ್ತಿದ್ದ ಮೋಟಾರು ಅವತ್ತು ಒಂಬತ್ತಕ್ಕೇ ನಿಂತಿತು; ಬೋರು ಎಳೆಯದ ನೀರು ನೆಲದಡಿಯಲ್ಲೇ ಕೆಳಗಿನ ಬಾವಿಯ ಕಡೆ ಹರಿಯಲಿ ಎಂದು.

ಮೃತ್ಯುಂಜಯ ಓಡಿಬಂದ. "ಚೆಂಡುವ್ವಿನ್ ಸಸಿ ಒಣ್ಗೋಯ್ತದಲ್ಲಮ್ಮಿ!"

"ಕಿತ್ತು ಹುರ್ಳಿ ಚೆಲ್ಲಿ. ಅದು ಇಬ್ಬನಿ ಕುಡ್ಕಂಡೇ ಬೆಳ್ಕತದೆ."

ಮುಂದಿನ ಸೋಮವಾರ ಸೊಪ್ಪು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಆದರೆ ಈರುಳ್ಳಿ ಮಡಿಗೆ ಕುರಿ ಇಳಿಯಲಿಲ್ಲ.

ನಾಲ್ಕನೆಯ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಹೊನಗೊನೆ ಸೊಪ್ಪಿತ್ತು. ಒಂದೇ ಹಿಡಿ, ಒಬ್ಬರ ಸಾರಿಗೂ ಸಾಲದು. ಕಡ್ಡಿಗೆ ಮೆತ್ತಿದ್ದ ಕೆಸರು ಇನ್ನೂ ಹಸಿಯಾಗಿತ್ತು.